ಆರು ಬಕೀಟಿನ ತಂಪು

ನಾಲ್ಕೂವರೆಗೆ ಏಳುವುದು. ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಂದು ನಂಬಬಹುದಾದ ನಾಲ್ಕು ಗೆರೆ ಎಳೆಯುವುದು. ನಳ ಬಂದಿದ್ದರೆ ಟಾಕಿ ತುಂಬಿಸಿಕೊಳ್ಳುವುದು (ನಮ್ಮ ಓಣಿಯ ನಳಕ್ಕೆ ವಾರ, ತಿಥಿ ಒಂದೂ ಗೊತ್ತಿಲ್ಲ, ನನಗೆ ಯಾವಾಗ ಗಾಢ ನಿದ್ದೆ ಹತ್ತುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು). ಹಾಲು ಕಾಯಿಸಿ ಚಹಾಕ್ಕೆ ಇಡುವುದು. ಅತ್ತೆಯವರ ಪೂಜೆಗೆ ಹೂವು, ಪತ್ರಿ, ವಿಭೂತಿ ಸಜ್ಜು ಮಾಡುವುದು. ಬೇಳೆ ಬೇಯಿಸಿ, ಪಲ್ಯ ಮುಗಿಸಿ, ಮಜ್ಜಿಗೆ ಕಡೆಯುವುದು. ಈ ಬೇಸಿಗೆ ಕೂಲರು ಬಂದ ಹೊಸದರಲ್ಲಿ ಇದಕ್ಕೆ ಇನ್ನೊಂದು ಸೇರಿತು: ಬಿಸಿಲು ಏರುವ ಮೊದಲೇ, ಹಿತ್ತಲಿನ ಟಾಕಿಯಿಂದ ಪಡಸಾಲೆಯವರೆಗೆ ಆರು ಬಕೀಟು ನೀರು ಹೊತ್ತು ಕೂಲರಿನ ಹೊಟ್ಟೆ ತುಂಬಿಸುವುದು.

ಇಷ್ಟು ನೀರು ಹೊರುವವಳು ಅದರ ಗಾಳಿಯನ್ನೂ ತಿನ್ನುತ್ತಿರಬೇಕು ಎಂದು ನೀವು ತಿಳಿದರೆ ತಪ್ಪು. ನನ್ನ ಪಾಲಿಗೆ ಆಗ ಅದು ಪಡಸಾಲೆಯಲ್ಲಿ ಕಟ್ಟಿದ ಎಮ್ಮೆಯಾಗಿತ್ತು. ನೀರು ಕುಡಿಸುವುದು ನಾನು, ಹಾಲು ಕುಡಿಯುವವರು ಬೇರೆ.

ನನ್ನ ಯಜಮಾನರು ಚನ್ನಬಸಯ್ಯನವರು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಾರೆ. ಸಹಾರಾ ಮರುಭೂಮಿಯ ಉಷ್ಣಾಂಶ ಅವರಿಗೆ ಬಾಯಿಪಾಠ. ಆದರೆ ನಮ್ಮ ಅಡುಗೆಮನೆ ಯಾವ ಅಕ್ಷಾಂಶದಲ್ಲಿದೆ ಎಂಬುದು ಹತ್ತೊಂಬತ್ತು ವರ್ಷಗಳ ದಾಂಪತ್ಯದಲ್ಲೂ ಅವರ ನಕಾಶೆಯ ಮೇಲೆ ಗುರುತಾಗಿಲ್ಲ. ಅದು ಪಡಸಾಲೆಯ ಹಿಂದೆ ಎಲ್ಲೋ ಇದೆ, ಅಲ್ಲಿಂದ ಊಟ ಬರುತ್ತದೆ ಎಂಬಷ್ಟು ಬಲ್ಲರು.

ಈ ಬೇಸಿಗೆ ರಜೆ ಶುರುವಾದ ದಿನವೇ ಅವರು ಪಡಸಾಲೆಯ ಗೋಡೆಗೆ ಒಂದು ಥರ್ಮಾಮೀಟರ್ ತೂಗುಹಾಕಿ, ಇನ್ನು ಸಹಿಸುವುದು ಸಾಧ್ಯವಿಲ್ಲ, ಮನೆಗೆ ಒಂದು ತಂಪಿನ ವ್ಯವಸ್ಥೆ ಆಗಲೇಬೇಕು ಎಂದು ಘೋಷಿಸಿದರು. ನನ್ನ ಜೀವ ಹಿಗ್ಗಿತು. ಕಾರಣವಿದೆ. ಯಜಮಾನರಿಗೆ ಮಧ್ಯಾಹ್ನ ಹಂಚಿನಿಂದ ನೇರವಾಗಿ ತಾಟಿಗೆ ಬೀಳುವ ಬಿಸಿ ರೊಟ್ಟಿಯೇ ಆಗಬೇಕು. ಬೆಳಗ್ಗೆ ಬಡಿದಿಟ್ಟ ರೊಟ್ಟಿ ಅವರ ಪ್ರಕಾರ ಇತಿಹಾಸ, ಅವರದು ಭೂಗೋಳ. ಹೀಗಾಗಿ ಹನ್ನೆರಡರಿಂದ ಎರಡರವರೆಗೆ, ಓಣಿಯ ನಾಯಿ ಕೂಡ ಗಟಾರದ ತಂಪಿಗೆ ಇಳಿದಿರುವ ಹೊತ್ತಿನಲ್ಲಿ, ನಾನು ಒಲೆಯ ಮುಂದೆ ನಿಂತಿರುತ್ತೇನೆ. ಫ್ಯಾನು ಹಾಕಿದರೆ ಒಲೆ ಆರುತ್ತದೆ, ಹಾಕದಿದ್ದರೆ ನಾನು ಆರುತ್ತೇನೆ. ಆ ಎರಡು ತಾಸಿಗೆ ಬೆನ್ನಿಗೊಂದಿಷ್ಟು ತಂಪು ಗಾಳಿ. ಈ ಸಂಸಾರದಿಂದ ನಾನು ಬಯಸಿದ್ದು ಅಷ್ಟೇ.

ಯಜಮಾನರು ಏನನ್ನೂ ಅಧ್ಯಯನ ಮಾಡದೆ ಕೊಳ್ಳುವವರಲ್ಲ. ಥರ್ಮಾಮೀಟರನ್ನು ಚೀಲದಲ್ಲಿ ಹಾಕಿಕೊಂಡು ಪ್ರವಾಸ ಹೊರಟರು. ಇಂಡಿಯಲ್ಲಿ ಗೆಳೆಯ ಬಸವಂತರಾಯರ ಎ.ಸಿ.ಯ ಕೆಳಗೆ ಊಟ ಮಾಡಿ ಮಲಗಿ ಎದ್ದರು. ಮುದ್ದೇಬಿಹಾಳದಲ್ಲಿ ಷಡ್ಡಕನ ಕೂಲರಿನ ಎದುರು ಊಟ ಮಾಡಿ ಮಲಗಿ ಎದ್ದರು. ಹೂವಿನ ಹಿಪ್ಪರಗಿಯಲ್ಲಿ ಸೋದರಮಾವನ ಹಳೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಊಟ ಮಾಡಿ, ಮಲಗಿ, ಸಂಜೆಯವರೆಗೆ ಏಳಲೇ ಇಲ್ಲ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು, ಮೊಳ ದಪ್ಪದ ಮಣ್ಣಿನ ಗೋಡೆಗಿಂತ ದೊಡ್ಡ ತಂಪು ಯಂತ್ರ ಇನ್ನೊಂದಿಲ್ಲ ಎಂದು ಗಂಭೀರವಾಗಿ ಓದಿ ಹೇಳಿದರು.

ನಮ್ಮದೂ ಅಂಥದೇ ಮಾಳಿಗೆ ಮನೆಯಾಗಿತ್ತು. ಹತ್ತು ವರ್ಷದ ಹಿಂದೆ ಅದನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದವರು ಇವರೇ. ಅತ್ತೆ ಸಿದ್ದಲಿಂಗವ್ವನವರು ಅಡಕೊತ್ತು ಕೆಳಗಿಡದೆಯೇ ಅಂದರು: "ತಂಪು ಮನಿ ಕೆಡವಿದಿ, ಬಿಸಿ ಮನಿ ಕಟ್ಟಿದಿ, ಈಗ ತಂಪು ತರಾಕ ಪ್ಯಾಟಿಗೆ ಹೊಂಟಿ. ಹೋಗಿ ಬಾ ತಮ್ಮಾ."

ಎ.ಸಿ.ಯನ್ನು ತಳ್ಳಿಹಾಕಿದವರೂ ಅತ್ತೆಯವರೇ. ಹಗಲೆಲ್ಲ ಬಾಗಿಲು ಹಾಕಿಕೊಂಡು ಕೂರಲು ತಾನೇನು ಬಾಣಂತಿಯೇ ಎಂದು ಕೇಳಿದರು. ಉಳಿದದ್ದು ಕೂಲರು. ಕಾರವಾರದಲ್ಲಿರುವ ನಾದಿನಿ ವಿಜಯಲಕ್ಷ್ಮಿ ಫೋನಿನಲ್ಲಿಯೇ ಗಾಬರಿಯಾದಳು. ಅವರ ಮನೆಯಲ್ಲಿ ಕೂಲರು ತಂದ ವರ್ಷ ಗೋಡೆಗೆ ಬೂಸಲು ಹಿಡಿದು, ಹಪ್ಪಳ ಮೆತ್ತಗಾಗಿ, ಕಡೆಗೆ ಅದನ್ನು ಮೂಲೆಗೆ ಸೇರಿಸಿ ಎ.ಸಿ. ಹಾಕಿಸಬೇಕಾಯಿತಂತೆ. ಯಜಮಾನರು ತಂಗಿಗೆ ಅರ್ಧ ತಾಸು ಪಾಠ ಮಾಡಿದರು. ಅಲ್ಲಿಯದು ಸಮುದ್ರದ ಹವೆ, ಮೊದಲೇ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡದ್ದು. ನಮ್ಮದು ಬಾಯಾರಿದ ಒಣ ಹವೆ. ನೀರು ಕೊಟ್ಟರೆ ಕುಡಿದು ತಂಪಾಗುತ್ತದೆ. ಪಾಠ ಸರಿಯಾಗಿಯೇ ಇತ್ತು. ಬಾಯಾರಿದ ಹವೆಗೆ ನೀರು ಹೊರುವವರು ಯಾರು ಎಂಬ ಒಂದು ಪ್ರಶ್ನೆ ಮಾತ್ರ ಪಠ್ಯದ ಹೊರಗಿತ್ತು.

ಅಡುಗೆಮನೆಗೂ ಸ್ವಲ್ಪ ಗಾಳಿ ಬರುವಂತೆ ನೋಡಿ ಎಂದು ನಾನು ಬಾಗಿಲಲ್ಲಿ ನಿಂತು ಹೇಳಿದೆ.

"ತಂಪು ಅನ್ನೂದು ಹರಡ್ತೈತಿ ಸುನಂದಾ. ಅದಕ್ಕ ಗಡಿ ಅಂಬೂದು ಇಲ್ಲ" ಅಂದರು.

ಕೂಲರು ಬಂತು. ಗುಂಡಿ ಒತ್ತಿದ ಮೊದಲ ನಿಮಿಷದಲ್ಲೇ ಯಜಮಾನರು ಎದ್ದು ಅಡುಗೆಮನೆಯ ಬಾಗಿಲು ಮುಚ್ಚಿದರು. ಒಲೆಯ ಝಳ ಪಡಸಾಲೆಗೆ ನುಗ್ಗಿ ತಂಪು ಕೆಡಬಾರದಲ್ಲ! ಆಮೇಲೆ ಖಿಡಕಿಗಳನ್ನು ಮುಚ್ಚಿದರು. ಬಾಗಿಲ ಸಂದಿಗೆ ಹಳೆಯ ಪಂಚೆ ತುರುಕಿದರು. ಹಿಂದೊಮ್ಮೆ ಕಾರವಾರದ ತಂಗಿಯ ಮನೆಯಲ್ಲಿ ನಾಲ್ಕು ದಿನ ಎ.ಸಿ.ಯ ಕೆಳಗೆ ಇದ್ದಾಗ, ಯಾರು ಒಳಗೆ ಬಂದರೂ "ಬಾಗಲಾ ಹಾಕ್ರಿ" ಎನ್ನುವುದನ್ನು ಕೇಳಿ ಬಂದಿದ್ದರು. ತಂಪು ಎಂದರೆ ಬಾಗಿಲು ಹಾಕುವುದು ಎಂಬ ಸಿದ್ಧಾಂತ ಅಲ್ಲಿಂದ ಬಂದದ್ದು.

ಮೂರನೆಯ ದಿನಕ್ಕೆ ನಮ್ಮ ಪಡಸಾಲೆಯಲ್ಲಿ ಸಮುದ್ರವೊಂದು ಬಿಟ್ಟು ಕಾರವಾರದ್ದೆಲ್ಲ ಇತ್ತು. ಅಂಗಿ ಮೈಗೆ ಅಂಟಿತು. ಪತ್ರಿಕೆ ಬಟ್ಟೆಯಂತೆ ಜೋತುಬಿತ್ತು. ಅತ್ತೆಯವರ ಮಂಡಿ ನೋವು ಮರಳಿ ಬಂತು. ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ವಿಜಯಲಕ್ಷ್ಮಿಗೆ ಕಳಿಸಬೇಕೆಂದು ನಾನೂ ಅತ್ತೆಯೂ ಎರಡು ದಿನ ಕೂತು ಬಡಿದ ನೂರು ಖಡಕ್ ರೊಟ್ಟಿ ಪಡಸಾಲೆಯ ಕಪಾಟಿನ ಮೇಲೆ ಬುಟ್ಟಿಯಲ್ಲಿದ್ದವು. ಅತ್ತೆ ಒಂದನ್ನು ಎತ್ತಿ ಮುರಿದರು. ಅದು ಮುರಿಯಲಿಲ್ಲ. ಮಡಚಿಕೊಂಡಿತು. ಕರವಸ್ತ್ರದ ಹಾಗೆ ನಾಲ್ಕು ಮಡಿಕೆಯಾಗಿ ಅವರ ಅಂಗೈಯಲ್ಲಿ ಕೂತಿತು. ಅತ್ತೆ ಅದನ್ನು ಮಗನ ಕೈಗೆ ಕೊಟ್ಟು, ಮೂಗು ಒರೆಸಿಕೋ ಎಂದರು.

ಮೋರಟಗಿಯಿಂದ ಕೂಲರ್ ರಿಪೇರಿಯ ಯುನೂಸ ಬಂದ. ಬಾಗಿಲ ಸಂದಿಯ ಪಂಚೆಯನ್ನು ಎರಡು ಬೆರಳಲ್ಲಿ ಎಳೆದು ತೆಗೆದು ಸ್ವಲ್ಪ ಹೊತ್ತು ನೋಡುತ್ತ ನಿಂತ.

"ಸರ್, ಮಷೀನು ಚಲೋ ಐತಿ. ನೀವ ಗಾಳೀನ್ನ ಜೈಲಿಗೆ ಹಾಕೀರಿ" ಅಂದ. ಹೊರಗಿನ ಒಣ ಗಾಳಿ ಒಳಗೆ ಬರಬೇಕು, ಒದ್ದೆಯಾದದ್ದು ಇನ್ನೊಂದು ಖಿಡಕಿಯಿಂದ ಹೊರಗೆ ಹೋಗಬೇಕು, ಹಾಗಿದ್ದರೇ ಕೂಲರು. ಮುಚ್ಚಿದ ಮನೆಯಲ್ಲಿ ಅದು ಉಗಿ ಹಾಕಿದ ಪಾತ್ರೆ ಎಂದು ವಿವರಿಸಿದ. ಮೇಷ್ಟ್ರಿಗೆ ಪಾಠ ಹೇಳುವಾಗ ಪಾಪ ಅವನಿಗೇ ಸಂಕೋಚವಾಗಿ ನೆಲ ನೋಡುತ್ತಿದ್ದ. ಆಮೇಲೆ ಕೇಳಿದ: "ಮನ್ಯಾಗ ಭಾಳ ಉರಿ ಯಾವ ಖೋಲ್ಯಾಗ ಐತ್ರಿ? ಅಲ್ಲಿ ಕುಂಡ್ರಿಸಿದ್ರ ಉಳಿದ ಮನಿಗೂ ಗಾಳಿ ಹರೀತೈತಿ."

ಯಜಮಾನರು ನೋಟ್‌ಬುಕ್ ತೆರೆದು ಓದಿದರು. ಪಡಸಾಲೆ ನಲವತ್ತೊಂದು, ಮಲಗುವ ಖೋಲಿ ನಲವತ್ತು, ಅಂಗಳ ನಲವತ್ತಮೂರು, ಇಂಡಿ ಇಪ್ಪತ್ತನಾಲ್ಕು.

"ಅಡಗಿಮನಿ?" ಅಂದ ಯುನೂಸ.

ಯಜಮಾನರು ಹಾಳೆ ತಿರುವಿದರು. ಇನ್ನೊಂದು ಹಾಳೆ ತಿರುವಿದರು.

 ಮೊಳೆಯಿಂದ ಥರ್ಮಾಮೀಟರ್ ತೆಗೆದುಕೊಂಡು ಹೋಗಿ ಒಲೆಯ ಪಕ್ಕದ ಗೂಟಕ್ಕೆ ಸಿಕ್ಕಿಸಿ, ಎಂದಿನಂತೆ ರೊಟ್ಟಿ ಬಡಿಯತೊಡಗಿದೆ. ನಾಲ್ಕು ರೊಟ್ಟಿಯಾದ ಮೇಲೆ ಕರೆದೆ. ಯಜಮಾನರು ಬಂದು, ಕನ್ನಡಕ ಮೇಲೆತ್ತಿ ನೋಡಿದರು. ನಲವತ್ತೇಳು.

"ಇದು ಕೆಟ್ಟೈತಿ ಕಾಣ್ತೈತಿ" ಎಂದು ಥರ್ಮಾಮೀಟರನ್ನು ಬೆರಳಿಂದ ತಟ್ಟಿದರು.

"ಅದು ಕೆಟ್ಟಿಲ್ರಿ. ಇದು ಬ್ಯಾರೆ ದೇಶ ಐತಿ. ನಾ ದಿನಾ ಹೋಗಿ ಬರ್ತೇನಿ, ನೀವು ಇವತ್ತ ಬಂದೀರಿ."

ಅತ್ತೆ ಬಾಗಿಲಿಗೆ ಆತುಕೊಂಡು ನಿಂತಿದ್ದರು. ಅವರು ಮಗನ ಪಕ್ಷ ವಹಿಸುತ್ತಾರೆ ಎಂದು ನಾನು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅದು ವ್ಯರ್ಥವಾಯಿತು.

"ನಲವತ್ತು ವರ್ಷ ನಾನೂ ಒಲೀ ಮುಂದ ಕುಂತೇನಿ" ಅಂದರು. "ನನಗ ಎಷ್ಟ ಡಿಗ್ರಿ ಇತ್ತೋ ಯಾರೂ ನೋಡ್ಲಿಲ್ಲ. ಯುನೂಸಾ, ಆ ಡಬ್ಬಿ ತಂದು ಇಲ್ಲೇ ಕುಂಡ್ರಿಸಪಾ."

ಹೀಗೆ ಕೂಲರು ಅಡುಗೆಮನೆಗೆ ಬಂತು. ಯುನೂಸ ಅದನ್ನು ಹಿತ್ತಲಿನ ಖಿಡಕಿಯ ಹೊರಗೆ, ಟಾಕಿಯ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂರಿಸಿದ. ಗಾಳಿ ಒಲೆಗೆ ತಾಗದಂತೆ ಒಲೆಯನ್ನು ಎದುರು ಮೂಲೆಗೆ ಸರಿಸಿದ. ಅಡುಗೆಮನೆಯ ಬಾಗಿಲು, ಪಡಸಾಲೆಯ ಮುಂದಿನ ಖಿಡಕಿ ಎರಡೂ ತೆರೆದಿರಬೇಕು, ಗಾಳಿಗೆ ಹೋಗಲು ದಾರಿ ಬೇಕು ಎಂದು ಹೇಳಿ ಹೋದ.

ಆ ಮಧ್ಯಾಹ್ನವನ್ನು ನಾನು ಮರೆಯುವುದಿಲ್ಲ. ಬೆನ್ನಿಗೆ ಬಿದ್ದ ಗಾಳಿಗೆ ನನ್ನ ತವರು ಕೊಲ್ಹಾರದ ನೆನಪಾಯಿತು. ಅಲ್ಲಿ ಸಂಜೆ ಹಿನ್ನೀರಿನ ಮೇಲಿಂದ ಇಂಥದೇ ಗಾಳಿ ಬರುತ್ತದೆ. ಮೊದಲ ರೊಟ್ಟಿಗೆ ಬೆಣ್ಣೆ, ಶೇಂಗಾ ಹಿಂಡಿ ಹಚ್ಚಿ ಯಾರಿಗೂ ಹೇಳದೆ ನಾನೇ ತಿಂದೆ. ವಿಜಯವೆಂದರೆ ಇಷ್ಟು ಖಾರವಾಗಿ, ಇಷ್ಟು ಮೆತ್ತಗೆ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ನನ್ನ ಸಾಮ್ರಾಜ್ಯ ಒಂದೂವರೆ ದಿನ ಬಾಳಿತು.

ಎರಡನೆಯ ದಿನ ಅತ್ತೆ, ಮಂಡಿಗೆ ಒಳ್ಳೆಯದಾಗುತ್ತದೇನೋ ನೋಡೋಣ ಎಂದು ತಮ್ಮ ಹೊರಸು ತರಿಸಿ ಖಿಡಕಿಯ ಕೆಳಗೆ ಹಾಕಿಸಿಕೊಂಡರು. ಅವರೊಂದಿಗೆ ಮಾತಿಗೆ ಬಂದ ಪಕ್ಕದ ಮನೆಯ ಜೈತುನಬಿ, ತಂಪು ಬಲು ಚೆನ್ನಾಗಿದೆ ಎಂದು ಮರುದಿನ ತಾನು ಹೊಲಿಯುತ್ತಿದ್ದ ಕೌದಿಯನ್ನೇ ತಂದು ನೆಲದ ತುಂಬ ಹರಡಿದಳು. ಕಡೆಗೆ ಯಜಮಾನರು ಬಂದರು. ಹವಾಮಾನ ದಾಖಲಿಸಲು ಬಂದೆನೆಂದು ಹೇಳಿ, ಕೂರಲು ಜಾಗ ಕಾಣದೆ, ಜೋಳದ ಹಿಟ್ಟಿನ ದೊಡ್ಡ ಡಬ್ಬಿಯ ಮೇಲೆ ಕೂತು ಪತ್ರಿಕೆ ಬಿಡಿಸಿದರು. ಹತ್ತೊಂಬತ್ತು ವರ್ಷ ಈ ಖೋಲಿಯ ದಾರಿ ಕಾಣದವರು ಈಗ ಎದ್ದು ಹೋಗುವ ದಾರಿ ಮರೆತರು.

ರೊಟ್ಟಿ ಬಡಿಯಲು ಕೈ ಎತ್ತಿದರೆ ಮೊಣಕೈ ಪತ್ರಿಕೆಗೆ ಬಡಿಯುತ್ತದೆ. ಉಪ್ಪಿನ ಭರಣಿ ಬೇಕೆಂದರೆ ಕೌದಿ ದಾಟಿ ಹೋಗಬೇಕು. ಇಷ್ಟು ಜನ ಒಂದೆಡೆ ಕೂತ ಮೇಲೆ ಚಹಾ ಬೇಡವೇ? ನಾಲ್ಕು ಸಲ. ಅದರ ಮೇಲೆ ಮೂರು ಜನರ ಅಭಿಪ್ರಾಯ. ರೊಟ್ಟಿ ಅಂಚಿಗೆ ದಪ್ಪವಾಯಿತು ಎಂದು ಅತ್ತೆ, ಒಲೆ ಸಣ್ಣ ಮಾಡಬೇಕು ಎಂದು ಜೈತುನಬಿ, ನಾನು ಉಪ್ಪನ್ನು ಅಳತೆಯಿಲ್ಲದೆ ಹಾಕುತ್ತೇನೆ ಎಂದು ಯಜಮಾನರು. ಎಲ್ಲಕ್ಕಿಂತ ದೊಡ್ಡ ನಷ್ಟ ಬೇರೆ. ಎಷ್ಟೇ ಉರಿಯಿದ್ದರೂ ಇದು ನಾನೊಬ್ಬಳೇ ಇರುವ ಖೋಲಿಯಾಗಿತ್ತು. ಇಲ್ಲಿ ನಾನು ಹಾಡುತ್ತಿದ್ದೆ, ಎಲ್ಲರನ್ನೂ ಮನಸಾರೆ ಬೈಯುತ್ತಿದ್ದೆ. ಈಗ ಬೈಸಿಕೊಳ್ಳಬೇಕಾದವರೆಲ್ಲ ಎದುರಿಗೇ ಕೂತಿದ್ದಾರೆ!

ನಿನ್ನೆ ಮಧ್ಯಾಹ್ನ, ಇನ್ನೂ ಹಿಟ್ಟು ಕಲಸುವ ಮೊದಲು, ರೊಟ್ಟಿ ಹರಡಲು ಹಳೆಯ ಪತ್ರಿಕೆ ಬೇಕಾಗಿ ಪಡಸಾಲೆಗೆ ಬಂದೆ. ಅಲ್ಲಿ ಯಾರೂ ಇರಲಿಲ್ಲ. ಯಜಮಾನರ ಆರಾಮ ಕುರ್ಚಿ ಬರಿದಾಗಿತ್ತು. ಒಂದು ನಿಮಿಷ ಎಂದು ಕೂತೆ. ಗೋಡೆಗೆ ಮರಳಿದ್ದ ಥರ್ಮಾಮೀಟರ್ ನಲವತ್ತೊಂದು ತೋರಿಸುತ್ತಿತ್ತು. ಮುಂದಿನ ಖಿಡಕಿಯನ್ನು ಯಾರೋ ಅಭ್ಯಾಸಬಲದಿಂದ ಮತ್ತೆ ಮುಚ್ಚಿದ್ದರು. ತಂಪಿಗಾಗಿ ಒಂದು ಇಡೀ ಬೇಸಿಗೆ ಹೋರಾಡಿ, ಗೆದ್ದು, ಮನೆಯ ಅತ್ಯಂತ ಬಿಸಿ ಖೋಲಿಯಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತ ಹೆಂಗಸು ಈ ನಾಲ್ಕು ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಆದರೂ ಏಳಬೇಕೆನಿಸಲಿಲ್ಲ.

"ಸುನಂದಾ, ಹೊತ್ತಾತು. ಹಿಟ್ಟಿನ ಡಬ್ಬಿ ಎಲ್ಲಿ ಐತಿ?" ಯಜಮಾನರ ದನಿ ಬಂತು.

"ನಿಮ್ಮ ಬುಡಕ ಐತ್ರಿ" ಅಂದೆ.

 ಒಳಗಿನಿಂದ ಡಬ್ಬಿಯ ಮುಚ್ಚಳ ತೆರೆದ ಸದ್ದು, ಜೈತುನಬಿಯ ನಗು, ಮತ್ತೆ ಅತ್ತೆಯವರ ದನಿ: "ಜೈತುನಾ, ನೀ ಕೌದಿ ಹೊಲಿ. ಅಂವಾ ಮಾಡ್ಲಿ. ಹಿಟ್ಟಿಗೆ ಬಿಸಿನೀರ ಹಾಕೋ ತಮ್ಮಾ, ತಣ್ಣೀರ ಅಲ್ಲ." ತುಸು ಹೊತ್ತಿನ ಮೇಲೆ ಬಡಿತ ಕೇಳಿಸಿತು. ನನ್ನ ಬಡಿತ ಓಡುವ ಕುದುರೆ. ಇದು ಮೂರು ಕಾಲಿನ ಎತ್ತು. ಆದರೆ ನಡೆಯುತ್ತಿತ್ತು.

ನಾನು ಎದ್ದು ಮುಂದಿನ ಖಿಡಕಿ ತೆರೆದು ಬಂದು ಮತ್ತೆ ಕೂತೆ. ದಾರಿ ಸಿಕ್ಕ ಗಾಳಿ ಅಡುಗೆಮನೆಯಿಂದ ಹರಿದು ಬಂತು. ಎಲ್ಲರೂ ಉಪಯೋಗಿಸಿ ಬಿಟ್ಟ ಗಾಳಿ, ಸೀದ ರೊಟ್ಟಿಯ ವಾಸನೆ ಬೇರೆ. ಆದರೂ ತಂಪಾಗಿಯೇ ಇತ್ತು.

ಅಷ್ಟರಲ್ಲಿ ಹಿತ್ತಲಿನಲ್ಲಿ ಕೂಲರಿನ ಸದ್ದು ಬದಲಾಯಿತು. ಗುಳುಗುಳು ಎನ್ನುತ್ತಿದ್ದದ್ದು ಒಣಗಿ ಗರಗರ ಎಂದಿತು. ನೀರು ತೀರಿದೆ. ಆ ಸದ್ದಿನ ಅರ್ಥ ಈ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು. ನನ್ನ ಕಾಲು ನನ್ನನ್ನು ಕೇಳದೆಯೇ ಚಪ್ಪಲಿ ಹುಡುಕತೊಡಗಿತು.

ಕಾಲನ್ನು ಎತ್ತಿ ಕುರ್ಚಿಯ ಮೇಲೆ ಮಡಚಿಕೊಂಡೆ. ಬಕೀಟು ಟಾಕಿಯ ಪಕ್ಕದಲ್ಲೇ ಇದೆ. ಆರು ಹಿಡಿಯುತ್ತವೆ. ಎಣಿಸಿಕೊಳ್ಳಲಿ.