ಎವರ್ಟಜ್ಜನ ಕಪ್ಪು ವೈರು

ಸಿಗ್ನೆ: ಅಜ್ಜ, ಕಾರಿನೊಳಗೆ ರಸಮಟ್ಟ ಹಿಡ್ಕೊಂಡು ಏನ್ ಮಾಡ್ತಿದೀಯ?

ಎವರ್ಟ್: ವೈರು ಮಟ್ಟವಾಗಿದೆಯಾ ಅಂತ ನೋಡ್ತಿದೀನಿ.

ಸಿಗ್ನೆ: ಅದು ಕಾರ್ಪೆಟ್ ಕೆಳಗೆ ಹೋಗೋ ವೈರು. ಯಾರ್ ನೋಡ್ತಾರೆ ಅದನ್ನ?

ಎವರ್ಟ್: ಯಾರೂ ನೋಡಲ್ಲ. ಆದ್ರೆ ಸೊಟ್ಟಗಿದೆ ಅಂತ ನನಗೆ ಗೊತ್ತಿರುತ್ತಲ್ಲ.

ಸಿಗ್ನೆ: ಗಾಡಿ ಗುಡ್ಡ ಹತ್ತಿದಾಗ ಏನ್ ಮಾಡ್ತೀಯ?

ಎವರ್ಟ್: ಆಗ ಸೊಟ್ಟಗಿರೋದು ಗುಡ್ಡ. ವೈರಲ್ಲ.

ಎವರ್ಟಜ್ಜನಿಗೆ ಎಪ್ಪತ್ತೆಂಟು. ಹೆಲ್ಸಿಂಗ್‌ಲಾಂಡ್ ಸೀಮೆಯ ಆ ಊರಿನ ಅರ್ಧ ಮನೆಗಳಿಗೆ, ಎರಡು ಹಾಲಿನ ಡೈರಿಗಳಿಗೆ, ಒಂದು ಚರ್ಚಿಗೆ ಕರೆಂಟು ಎಳೆದ ಕೈ ಅವನದು. ನಿವೃತ್ತನಾದ ಮೇಲೆ ಊರಿನವರು "ಪಾಪ, ಅಜ್ಜನಿಗ್ಯಾಕೆ ತೊಂದರೆ" ಎಂದು ಬೇರೆಯವರನ್ನು ಕರೆಸತೊಡಗಿದರು. ತೊಂದರೆ ಕೊಡುವುದಿಲ್ಲ ಎನ್ನುತ್ತಲೇ ಮನುಷ್ಯನನ್ನು ಮೂಲೆಗೆ ಕೂರಿಸುವ ವಿದ್ಯೆ ಊರಿನವರಿಗೆ ಚೆನ್ನಾಗಿ ಬರುತ್ತದೆ. ಅಜ್ಜನಿಗೆ ಅದೇ ಹೊಟ್ಟೆಯುರಿ. ಹಾಗಾಗಿ ಮೊಮ್ಮಗಳು ತನ್ನ ಎಪಾಗೆ ಸ್ಪೀಕರ್ ಕೂರಿಸಬೇಕು ಎಂದಾಗ, ಅವಳ ಮಾತು ಮುಗಿಯುವ ಮೊದಲೇ ಅಜ್ಜ ನೆಲಮಾಳಿಗೆಗೆ ಇಳಿದು ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಬಂದಿದ್ದ.

ಎಪಾ ಎಂದರೆ ಇಷ್ಟೇ. ಹಳೆಯ ವೋಲ್ವೋದ ಹಿಂದಿನ ಸೀಟು ಕಿತ್ತು, ಬೆನ್ನು ಕೊಯ್ದು, ಅಲ್ಲೊಂದು ಸಾಮಾನಿನ ತೊಟ್ಟಿ ಕೂರಿಸಿ, ಗಂಟೆಗೆ ಮೂವತ್ತು ಕಿಲೋಮೀಟರು ಮೀರದ ಹಾಗೆ ಮೂಗುದಾರ ಹಾಕಿದರೆ, ಸರ್ಕಾರದ ಪ್ರಕಾರ ಅದು ಟ್ರ್ಯಾಕ್ಟರು. ಹದಿನೈದು ತುಂಬಿದವರು ಓಡಿಸಬಹುದು. ಮೂವತ್ತರ ವೇಗದಲ್ಲಿ ಮೆರೆಯುವುದಕ್ಕೆ ಉಳಿಯುವುದು ಹಾಡೊಂದೇ. ಹಾಡಿಲ್ಲದ ಎಪಾ ನಿಜಕ್ಕೂ ಟ್ರ್ಯಾಕ್ಟರೇ.

ಅಂದು ಶಾಲೆಯ ಕೊನೆಯ ದಿನ. ಸಂಜೆ ಆರಕ್ಕೆ ಊರಿನ ಎಪಾಗಳೆಲ್ಲ ಪೆಟ್ರೋಲ್ ಬಂಕಿನಿಂದ ಕೆರೆಯವರೆಗೆ ಸಾಲುಗಟ್ಟಿ ಹೊರಡಬೇಕು. ಸಿಗ್ನೆಗೆ ತನ್ನದೇ ಗಾಡಿಯಲ್ಲಿ ಅದು ಮೊದಲ ಸಲ. ಆಗ ನಾಲ್ಕೂವರೆ.

ಸಿಗ್ನೆ: ಮೂರು ದಿನ ಆಯ್ತಜ್ಜ. ಯೊಕೆ ಆಗಿದ್ರೆ ಎರಡೇ ಗಂಟೇಲಿ ಮುಗಿಸ್ತಿದ್ದ.

ಎವರ್ಟ್: ಮುಗಿಸ್ತಿದ್ದ ನಿಜ. ಗಾಡಿನ.

ಯೊಕೆ ಎಂಬುವನು ಬಂಕಿನ ಹಿಂದಿನ ಶೆಡ್ಡಿನಲ್ಲಿ ಎಲ್ಲರ ಎಪಾಗೂ ಸ್ಪೀಕರ್ ಕೂರಿಸಿಕೊಡುವ ಹುಡುಗ. ಅವನ ಶಾಸ್ತ್ರಜ್ಞಾನವೆಲ್ಲ ಒಂದು ಸುರುಳಿ ಟೇಪಿನಲ್ಲಿ ಮುಗಿಯುತ್ತದೆ ಎಂಬುದು ಅಜ್ಜನ ಅಭಿಪ್ರಾಯ.

ಸಿಗ್ನೆ: ಬ್ಯಾಟರಿ ಹತ್ರ ಈ ಫ್ಯೂಸ್ ಡಬ್ಬಿ ಬೇರೆ. ಯೊಕೆ ಇದನ್ನ ಹಾಕೋದೇ ಇಲ್ಲ.

ಎವರ್ಟ್: ಚಳಿಗಾಲದಲ್ಲಿ ಅವನ ಗಾಡೀಲಿ ಹೊಗೆ ಬಂತಲ್ಲ, ಅದೇನು ಮೀನನ್ನ ಹೊಗೇಲಿ ಬೇಯಿಸೋಕೆ ಇಟ್ಟಿದ್ನಾ?

ಸಿಗ್ನೆ: ಸ್ವಲ್ಪ ಹೊಗೆ ಅಷ್ಟೇ.

ಎವರ್ಟ್: ಮೀನಿಗೆ ಅಷ್ಟು ಸಾಕು.

ಸಿಗ್ನೆ: ಸರಿ, ಫ್ಯೂಸ್ ಇರ್ಲಿ. ಆದ್ರೆ ಹಾಡಿನ ವೈರನ್ನ ಕರೆಂಟಿನ ವೈರ್ ಜೊತೆ ಕಟ್ಟಬೇಡ. ಅದು ಎಡಗಡೆ ಹೋಗ್ಲಿ, ಇದು ಬಲಗಡೆ. ಒಟ್ಟಿಗೆ ಹೋದ್ರೆ ಸ್ಪೀಕರ್ ಕುಂಯ್ಗುಡುತ್ತೆ.

ಎವರ್ಟ್: ನಾನೂ ನಿಮ್ಮಜ್ಜೀನೂ ಐವತ್ತೆರಡು ವರ್ಷದಿಂದ ಒಟ್ಟಿಗಿದೀವಿ. ಎಲ್ಲಿ ಕುಂಯ್ಗುಟ್ಟಿದೀವಿ?

ಅಡಿಗೆಮನೆಯ ಕಿಟಕಿ ತೆರೆದೇ ಇತ್ತು. ಅಜ್ಜಿ ಮೈಬ್ರಿತ್ ಅಲ್ಲಿ ಏಲಕ್ಕಿ ಬನ್ನು ಬೇಯಿಸುತ್ತಿದ್ದಳು. ಬನ್ನಿಗೆ ಕಣ್ಣು ಬೇಕು, ಕಿವಿ ಬೇಕಿಲ್ಲ; ಕಿವಿ ಅಂಗಳದಲ್ಲೇ ಇತ್ತು.

ಮೈಬ್ರಿತ್: ನೀವು ಕುಂಯ್ಗುಡ್ತಾನೇ ಇದೀರಿ. ಕೇಳಿಸ್ಕೊಂಡಿರೋದು ನಾನು.

ಎವರ್ಟ್: ನೋಡು ಮಾರಾಯ್ತಿ, ಇದು ಹನ್ನೆರಡು ವೋಲ್ಟಿನ ಮಾತು. ನಾಲಿಗೆಯಿಂದ ನೆಕ್ಕಬಹುದು ಇದನ್ನ. ಇನ್ನೂರ ಮೂವತ್ತನ್ನ ಮುಟ್ಟಿದ ಕೈ ನಂದು.

ಮೈಬ್ರಿತ್: ಮುಟ್ಟಿದ್ದಲ್ಲ ರೀ, ಅಂಟ್ಕೊಂಡಿದ್ದು. ಡೈರಿಯವರು ಪೊರಕೆ ಕಡ್ಡೀಲಿ ಹೊಡೆದು ಬಿಡಿಸಿದ್ರು.

ಸಿಗ್ನೆ ನಗುತ್ತ ಬಟ್ಟೆ ಬದಲಿಸಲು ಒಳಗೆ ಹೋದಳು. ಅಜ್ಜ ಗೊಣಗುತ್ತಲೇ ಹಾಡಿನ ವೈರನ್ನು ಎಡಕ್ಕೆ ಸರಿಸಿ, ಅಂಗಡಿಯಿಂದ ಬಂದ ಪೊಟ್ಟಣ ಬಿಚ್ಚಿದ. ಅದರಲ್ಲಿ ಉದ್ದನೆಯ ಕೆಂಪು ವೈರೊಂದು, ಗಿಡ್ಡನೆಯ ಕಪ್ಪು ವೈರೊಂದು. ಇದನ್ನು ಕಟ್ಟಿದವನು ಜನ್ಮದಲ್ಲಿ ಸ್ಕ್ರೂಡ್ರೈವರ್ ಹಿಡಿದಿಲ್ಲ ಎಂದು ಅಜ್ಜನಿಗೆ ಖಾತ್ರಿಯಾಯಿತು. ಹದಿನಾರನೆಯ ವಯಸ್ಸಿಗೆ ಕೆಲಸ ಕಲಿಯಲು ಸೇರಿದ ಮೊದಲ ದಿನವೇ ಮೇಸ್ತ್ರಿ ತಲೆಗೆ ಮೊಟಕಿ ಹೇಳಿಕೊಟ್ಟಿದ್ದ: ಕೆಂಪು ಅರ್ಥಿಂಗಿಗೆ, ಕಪ್ಪು ಕರೆಂಟಿಗೆ. ಆಗಿನ ಕಾಯಿದೆಯೇ ಹಾಗಿತ್ತು. ಮುಂದೆ ಮನೆಗಳಲ್ಲಿ ಅರ್ಥಿಂಗಿಗೆ ಹಸಿರು ಹಳದಿ ಬಂತು, ಅಜ್ಜ ಅದಕ್ಕೂ ಹೊಂದಿಕೊಂಡ. ಆದರೆ ಮೊಟಕಿಸಿಕೊಂಡು ಕಲಿತದ್ದು ತಲೆಯಲ್ಲಿ ಉಳಿಯುವುದೇ ಬೇರೆ.

ಅವನು ಕೆಂಪು ಉದ್ದವನ್ನು ಸುತ್ತಿ ಬದಿಗಿಟ್ಟ. ಚರ್ಚಿಗೆ ಎಳೆದು ಉಳಿದಿದ್ದ ಹೆಬ್ಬೆರಳು ಗಾತ್ರದ ಕಪ್ಪು ವೈರನ್ನು ಬ್ಯಾಟರಿಯ ಪ್ಲಸ್ಸಿನಿಂದ, ಫ್ಯೂಸ್ ಡಬ್ಬಿಯ ಮೂಲಕ, ರಬ್ಬರ್ ಬುಷ್ ಕೂರಿಸಿದ ತೂತಿನಲ್ಲಿ ಒಳಗೆಳೆದು, ಗೇಣಿಗೊಂದು ಕ್ಲಾಂಪ್ ಹೊಡೆದು, ಸೀಟಿನ ಹಿಂದೆ ಕೂರಿಸಿದ್ದ, ಸದ್ದು ಹೆಚ್ಚಿಸುವ ಆಂಪ್ಲಿಫೈಯರಿನ ಹತ್ತಿರಕ್ಕೆ ತಂದ. ಕೆಂಪಿನ ಒಂದು ತುಂಡನ್ನು ಕತ್ತರಿಸಿ ಗಾಡಿಯ ತಗಡಿಗೆ ಬಿಗಿದ, ಅರ್ಥಿಂಗಿಗೆ. ಕೆಲಸ ಕಣ್ಣಿಗೆ ಹಬ್ಬವಾಗಿತ್ತು. ಅಜ್ಜ ಎರಡು ಸಲ ನೋಡಿದ.

ಸಿಗ್ನೆ ಹೊರಗೆ ಬಂದಾಗ ಐದೂಕಾಲು.

ಎವರ್ಟ್: ಕೊನೇ ಎರಡು ಸ್ಕ್ರೂ ನಿಂದು. ಗಾಡಿ ನಿಂದಲ್ವಾ, ಆಂಪ್ಲಿಫೈಯರಿಗೆ ನೀನೇ ಬಿಗಿ.

ಸಿಗ್ನೆ: ನಿಜವಾಗ್ಲೂ? ಪರೀಕ್ಷೆ ಗಿರೀಕ್ಷೆ ಇಲ್ವಾ?

ಎವರ್ಟ್: ಕೆಂಪು, ಕಪ್ಪು. ಎರಡೇ ಇರೋದು. ಕತ್ತೇನೂ ತಪ್ಪು ಮಾಡಲ್ಲ.

ಸಿಗ್ನೆ ಬಿಗಿದಳು. ಅಜ್ಜ ಬಾನೆಟ್ಟಿನ ಕೆಳಗೆ ಬಾಗಿ ಫ್ಯೂಸ್ ಒತ್ತಿದ. ಠಪ್ ಎಂದಿತು. ಆಮೇಲೆ ಏನೂ ಎನ್ನಲಿಲ್ಲ.

ಮೈಬ್ರಿತ್: ಇದೇನಾ ಹಾಡು? ಸ್ವಲ್ಪ ಚಿಕ್ಕದಾಯ್ತು.

ಎವರ್ಟ್: ಏನ್ ಮಾಡ್ದೆ ನೀನು?

ಸಿಗ್ನೆ: ಹೇಳಿದ್ದನ್ನೇ ಮಾಡ್ದೆ. ಕೆಂಪನ್ನ ಪ್ಲಸ್ಸಿಗೆ, ಕಪ್ಪನ್ನ ಅರ್ಥಿಂಗಿಗೆ.

ಎವರ್ಟ್: ತಿರುಗುಮುರುಗು! ಕಪ್ಪು ಕರೆಂಟಿಗೆ, ಕೆಂಪು ಅರ್ಥಿಂಗಿಗೆ. ಯಾರ್ ಹೇಳಿದ್ದು ನಿನಗೆ ಹಾಗೆ ಅಂತ?

ಸಿಗ್ನೆ: ಪೊಟ್ಟಣದ ಮೇಲೆ ಬರೆದಿದೆ. ಪುಸ್ತಕದಲ್ಲಿ ಬರೆದಿದೆ. ಪ್ರಪಂಚದಲ್ಲಿರೋ ಎಲ್ಲಾ ಕಾರಲ್ಲೂ ಕಪ್ಪು ಅಂದ್ರೆ ಅರ್ಥಿಂಗೇ, ಅಜ್ಜ.

ಎವರ್ಟ್: ಪ್ರಪಂಚಕ್ಕೆ ನಾನು ವೈರಿಂಗ್ ಮಾಡಿಲ್ಲ.

ಮೈಬ್ರಿತ್: ಅದರ ಪುಣ್ಯ.

ಎವರ್ಟ್: ನೀನು ಬನ್ನು ನೋಡ್ಕೋ.

ಸಿಗ್ನೆ: ಬ್ಯಾಟರಿ ಪ್ಲಸ್ಸಿನ ಮೇಲೆ ಕೆಂಪು ಮುಚ್ಚಳ ಇದೆಯಲ್ಲಜ್ಜ. ಅದನ್ನ ತೆಗೆದು ನೀನೇ ಕಪ್ಪು ವೈರ್ ಬಿಗಿದಿದೀಯ. ಮುಚ್ಚಳ ಏನಂತ ತಿಳ್ಕೊಂಡೆ, ಟೋಪಿ ಅಂತಾನಾ?

ಅಜ್ಜ ಮುಚ್ಚಳವನ್ನು ನೋಡಿದ. ಕೆಂಪಗೇ ಇತ್ತು. ಚಳಿಗಾಲವಿಡೀ ಪಿಜ್ಜಾ ಅಂಗಡಿಯಲ್ಲಿ ತಟ್ಟೆ ತೊಳೆದು ಹುಡುಗಿ ತಂದಿದ್ದ ಆಂಪ್ಲಿಫೈಯರ್ ಅದು. ಸುಟ್ಟಿದ್ದರೆ ಹೋಯಿತು, ಇನ್ನು ಊರಿನವರು ಮನೆಯ ಒಂದು ಬಲ್ಬನ್ನೂ ಇವನ ಕೈಗೆ ಕೊಡುವುದಿಲ್ಲ. ಬಾಯಿ ಮಾತ್ರ ಇನ್ನೂ ಹಳೆಯ ಜಾಡಿನಲ್ಲೇ ಓಡುತ್ತಿತ್ತು.

ಎವರ್ಟ್: ಅರವತ್ತೆರಡು ವರ್ಷದ ಅಭ್ಯಾಸ ಒಂದು ಪ್ಲಾಸ್ಟಿಕ್ ಮುಚ್ಚಳಕ್ಕೆ ಬದಲಾಗುತ್ತಾ?

ಸಿಗ್ನೆ: ಬದಲಾಗೋದು ಬೇಡ. ಐದೂವರೆ ಆಯ್ತು. ಬದಲಾಗದೇ ಇರೋ ಅಭ್ಯಾಸದ ಜೊತೆ ಬದಲಿ ಫ್ಯೂಸ್ ಏನಾದ್ರೂ ಇದೆಯಾ?

ಇತ್ತು, ಮೂರು. ಬದಲಿ ಫ್ಯೂಸಿಲ್ಲದೆ ಅಜ್ಜ ಒಂದು ದೀಪವನ್ನೂ ಹಾಕಿದವನಲ್ಲ. ಒಂದನ್ನು ಕೈಗೆ ತೆಗೆದುಕೊಂಡ. ಆಮೇಲೆ ಸೀಟಿನ ಹಿಂದಕ್ಕೆ ತೂರಿಕೊಂಡು ಎರಡು ತುದಿಗಳನ್ನೂ ಅದಲುಬದಲು ಮಾಡಿದ. ಕಪ್ಪು ವೈರಿನ ಎರಡೂ ತುದಿಗೆ ಕೆಂಪು ಟೇಪು ಸುತ್ತಿದ. ಟೇಪಿನ ತುದಿ ಎರಡು ಸಲ ತಪ್ಪಿ ಅಂಟಿತು. ಸಿಗ್ನೆ ಅದನ್ನು ನೋಡಿ ಬೇರೆ ಕಡೆ ತಿರುಗಿದಳು.

ಎವರ್ಟ್: ಒತ್ತಲಾ?

ಸಿಗ್ನೆ: ಒತ್ತು.

ಹಾಡು ಬಂತು. ಮೊದಲು ಕಿಟಕಿಯ ಗಾಜಿಗೆ, ಆಮೇಲೆ ಮೇಜಿನ ಮೇಲಿನ ಕಾಫಿ ಲೋಟಗಳಿಗೆ, ಕೊನೆಗೆ ಅಜ್ಜನ ಹಲ್ಲಿನ ಸೆಟ್ಟಿಗೆ ಗೊತ್ತಾಯಿತು. ಕುಂಯ್ ಎಂಬ ಸದ್ದು ಎಲ್ಲೂ ಇಲ್ಲ. ಪಕ್ಕದ ಹೊಲದ ಹಸುಗಳು ಎದ್ದು ನಿಂತವು.

ಮೈಬ್ರಿತ್: ಹಾಡು ಬಂದಿದೆಯೋ ಭೂಕಂಪವೋ?

ಸಿಗ್ನೆ ಸದ್ದು ತಗ್ಗಿಸಿದಳು, ಫೋನು ಬಡಿದುಕೊಳ್ಳುತ್ತಿತ್ತು. ಯೊಕೆ. ಕೈಯೆಲ್ಲ ಗ್ರೀಸು, ಹಾಗಾಗಿ ಮೊಣಕೈಯಿಂದ ಫೋನಿನ ಸ್ಪೀಕರ್ ಒತ್ತಿದಳು.

ಯೊಕೆ: ಎಲ್ಲಿದೀಯ? ಎಲ್ರೂ ಸಾಲಲ್ಲಿ ನಿಂತಾಯ್ತು. ನಿಮ್ಮಜ್ಜ ಆಂಪ್ ಸುಟ್ಟಿರ್ತಾನೆ ಅಂತ ಇಲ್ಲಿ ಪಣ ಕಟ್ಟಿದಾರೆ. ಸುಟ್ನಾ?

ಅಜ್ಜ ಬಾನೆಟ್ ಒರೆಸುವ ಬಟ್ಟೆ ಎತ್ತಿಕೊಂಡ. ಬಾನೆಟ್ ಆಗಲೇ ಹೊಳೆಯುತ್ತಿತ್ತು. ಆದರೂ ಒರೆಸಿದ. ಈ ಪ್ರಶ್ನೆಗೆ ನಿಜ ಹೇಳಿದರೆ ನಾಳೆ ಬೆಳಗಿನ ಹೊತ್ತಿಗೆ ಅದು ಡೈರಿ, ಚರ್ಚು ಎಲ್ಲ ಸುತ್ತಿ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು.

ಸಿಗ್ನೆ: ಸುಡೋಕೆ ಹೋಗಿದ್ದು ನಾನು. ಕೆಂಪು ಕಪ್ಪು ಅದಲುಬದಲು ಮಾಡ್ಬಿಟ್ಟೆ. ಅಜ್ಜ ಹಾಕಿದ ಫ್ಯೂಸಿಂದ ಉಳ್ಕೊಂಡಿತು. ಪಣದಲ್ಲಿ ಸೋತವರು ಐಸ್‌ಕ್ರೀಂ ತೆಗೆದಿಟ್ಟಿರಿ, ಬಂದೆ.

ಬನ್ನಿನ ಚೀಲ ಕಸಿದುಕೊಂಡು, ಅಜ್ಜನ ಕೆನ್ನೆಗೆ ಗ್ರೀಸು ಬಳಿದು, ಅವಳು ಹೊರಟಳು. ಮೂವತ್ತರ ವೇಗದಲ್ಲಿ ಹೋಗುವವರನ್ನು ಕಳಿಸಿಕೊಡುವುದು ದೀರ್ಘ ಕೆಲಸ. ಅಜ್ಜಿ ಅಂಗಳಕ್ಕೆ ಬಂದು ಪಕ್ಕದಲ್ಲಿ ನಿಂತಳು. ಇಬ್ಬರೂ ಕೈ ಬೀಸಿ, ಕೈ ಸೋತು, ಇಳಿಸಿದರು. ಗಾಡಿ ತಿರುವು ದಾಟಿದ ಮೇಲೂ ಹಾಡು ಕೇಳುತ್ತಲೇ ಇತ್ತು.

ಎವರ್ಟ್: ಕೇಳಿಸ್ಕೊಂಡ್ಯಾ? ತಪ್ಪು ತನ್ನದೇ ಅಂತ ಹುಡುಗಿ ಬಾಯಿಬಿಟ್ಟು ಒಪ್ಕೊಂಡ್ಳು.

ಮೈಬ್ರಿತ್: ಕೇಳಿಸ್ಕೊಂಡೆ. ಊರವರ ಮುಂದೆ ನಿಮ್ಮ ತಪ್ಪನ್ನ ಮೈಮೇಲೆ ಎಳ್ಕೊಳ್ಳೋ ಕೆಲಸ ಐವತ್ತೆರಡು ವರ್ಷದಿಂದ ನಂದಾಗಿತ್ತು. ಸದ್ಯ, ಇವತ್ತಿಗೆ ನಾನೂ ನಿವೃತ್ತಿ.