ಹಡಗಿಗೆ ಎಣ್ಣೆಸ್ನಾನ

ಮರದ ವಸ್ತುವನ್ನು ಹೊಸದರಂತೆ ಮಾಡುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದಾಗಿನಿಂದ, ಪ್ರತಿ ನವರಾತ್ರಿಗೆ ಮುಂಚೆ ಪಟ್ಟದ ಗೊಂಬೆಗಳಾದ ಮರದ ರಾಜ ರಾಣಿಗೆ ಎಣ್ಣೆ ಹಚ್ಚಿ, ಮೈತೊಳೆದು, ರೇಷ್ಮೆ ಉಡಿಸುತ್ತಿರುವವಳು ನಾನೇ. ದೇವರ ದಯೆ, ಇಬ್ಬರೂ ನನಗಿಂತ ಚೆನ್ನಾಗಿ ಹೊಳೆಯುತ್ತಾರೆ.

ಗೊಂಬೆಗಳ ಮೂರನೇ ಮೆಟ್ಟಿಲಲ್ಲಿ ಒಂದು ಮರದ ಹಡಗೂ ಕೂರುತ್ತದೆ. ನಮ್ಮ ಮಾವ ಡ್ರಾಯಿಂಗ್ ಮೇಷ್ಟರಾಗಿದ್ದಾಗ ಕೈಯಾರೆ ಮಾಡಿದ್ದು. ಹೇಮಾವತಿಗಿಂತ ದೊಡ್ಡ ನೀರು ನೋಡದ ಮನುಷ್ಯ, ಚಿತ್ರ ನೋಡಿಕೊಂಡು ಎರಡು ವರ್ಷ ಕೆತ್ತಿದರಂತೆ. ಈಚೆಗೆ ಅದು ಕಪ್ಪಾಗಿ, ಹಾಯಿ ಹರಿದಿತ್ತು. ಮಾವ ಕಣ್ಣಿನ ಪೊರೆ ತೆಗೆಸಿಕೊಂಡು ಹಾಸನದಲ್ಲಿ ಮಗಳ ಮನೆಯಲ್ಲಿದ್ದರು. ಪಾಡ್ಯದ ದಿನ ಬರುವವರಿದ್ದರು.

“ಹೊಸ ಕಣ್ಣಲ್ಲಿ ನನ್ನ ಹಡಗು ನೋಡ್ಬೇಕು ಕಣಮ್ಮ” ಎಂದು ಫೋನಿನಲ್ಲಿ ಅಂದರು.

ನೋಡುವ ಹಡಗು ಫಳಫಳ ಹೊಳೆಯಲಿ ಎಂದುಕೊಂಡೆ. ನನ್ನ ಅಪರಾಧ ಇಷ್ಟೇ.

ರಾಜ ರಾಣಿಯ ಜೊತೆಗೆ ಹಡಗಿಗೂ ಹರಳೆಣ್ಣೆ ಬಳಿದು ಒಂದು ಗಂಟೆ ನೆನೆಯಲು ಬಿಟ್ಟೆ. ಆಮೇಲೆ ಸೀಗೇಪುಡಿ ಉಜ್ಜಿ, ಬೋಗುಣಿಯ ತುಂಬ ಬಿಸಿನೀರು ಸುರಿದು, ನರಸಿಂಹಸ್ವಾಮಿಯನ್ನು ನೆನೆದು ಹಡಗನ್ನು ಮುಳುಗಿಸಿದೆ. ರಾಜ ರಾಣಿ ಒಂದೇ ತುಂಡು ಮರದವರು, ಹಡಗನ್ನು ಮಾತ್ರ ಅಂಟಿನಲ್ಲಿ ಕೂಡಿಸಿದ್ದು ಎಂಬ ಸತ್ಯ ನನಗೆ ತಿಳಿಯುವ ಹೊತ್ತಿಗೆ ಹಡಗು ಬೋಗುಣಿಯ ತುಂಬ ಇತ್ತು. ಹಳೇ ಕಾಲದ ಮರವಜ್ರದ ಅಂಟು, ಬಿಸಿನೀರು ಕಂಡೊಡನೆ ಬೆಲ್ಲದ ಹಾಗೆ ಕರಗಿತ್ತು.

ಅಷ್ಟರಲ್ಲಿ ಪಕ್ಕದ ಮನೆ ಪುಟ್ಟತಾಯಮ್ಮ ಕರಿಬೇವು ಕೇಳಲು ಬಂದಳು. ಹಳೇಕೋಟೆ ಹಳ್ಳಿಯ ಹೆಣ್ಣು, ಮಾತಿಗೆ ಬಾಗಿಲಿಲ್ಲ.

“ಏನಕ್ಕಾ, ಸೌದೆ ತೊಳೀತಿದ್ದೀರಾ?”

“ಹಡಗು ಕಣೇ.”

ಅವಳು ಬಗ್ಗಿ ನೋಡಿದಳು. “ನೀರ್ಗೆ ಬಿಟ್ರೆ ಬಿಚ್ಚೋಗೋ ಅಡಗ್ನ ಇವತ್ತೇ ಕಂಡಿದ್ದು. ನಮ್ಮೆಮ್ಮೇನೇ ವಾಸಿ ಕಣಕ್ಕಾ, ಕೆರೆಗಿಳುದ್ರೂ ಇಡಿಯಾಗೇ ಎದ್ ಬತ್ತದೆ.”

ಸಂಜೆ ಸ್ಕೂಲಿನಿಂದ ಬಂದ ನಮ್ಮವರು, ಗಣಿತದ ಮೇಷ್ಟರು, ಮೊದಲು ಚೂರುಗಳನ್ನು ಎಣಿಸಿದರು. ಮೂವತ್ತೊಂದು. ಇಬ್ಬರೂ ಕೂತು ಅಂಟಿಸಿದೆವು. ಎಣ್ಣೆ ಕುಡಿದ ಮರ ಅಂಟನ್ನು ಹತ್ತಿರ ಸೇರಿಸಲಿಲ್ಲ. ಅದು ನನ್ನ ಬೆರಳಿಗೆ ಅಂಟಿತು, ಅವರ ಕನ್ನಡಕಕ್ಕೆ ಅಂಟಿತು, ಹಡಗೊಂದಕ್ಕೆ ಅಂಟಲಿಲ್ಲ. ಕೊನೆಗೆ ಅರಿಸಿನದ ದಾರದಲ್ಲಿ ಸುತ್ತಿ ಸುತ್ತಿ ಕಟ್ಟಿದೆ. ಮುರಿದ ಕಂಬಕ್ಕೆ ಊದಿನಕಡ್ಡಿ, ಹಾಯಿಗೆ ತಾಂಬೂಲದಲ್ಲಿ ಬಂದ ಹಸಿರು ರವಿಕೆ ಕಣ. ಮುಗಿದಾಗ ನಾಲ್ಕು ಚೂರು ಮಿಕ್ಕಿದವು.

“ಭಾಗಾಕಾರ ಮಾಡಿದ್ರೆ ಶೇಷ ಬರತ್ತೆ” ಎಂದರು ನಮ್ಮವರು. “ಹಡಗು ಮಾಡಿದ್ರೆ ಬರಬಾರದು ಕಣೆ.”

ಪಾಡ್ಯದ ಬೆಳಿಗ್ಗೆ ಮಾವ ಬಂದರು. ಕಾಲು ತೊಳೆದು ನೇರ ಗೊಂಬೆಗಳ ಮುಂದೆ ನಿಂತು ಕಪ್ಪು ಕನ್ನಡಕ ತೆಗೆದರು. ರಾಜನನ್ನು ನೋಡಿದರು, ರಾಣಿಯನ್ನು ನೋಡಿದರು. ಹಡಗಿನ ಹತ್ತಿರ ಕಣ್ಣು ನಿಂತಿತು. ತುಂಬಾ ಹೊತ್ತು ನಿಂತಿತು. ಮೆಲ್ಲಗೆ ಮಣೆಯ ಮೇಲೆ ಕೂತುಬಿಟ್ಟರು.

“ಕಣ್ಣು ಮಂಜಾಗಿದ್ದದ್ದೇ ಒಳ್ಳೇದಿತ್ತಮ್ಮ. ನಾನು ಇಷ್ಟು ಕೆಟ್ಟದಾಗಿ ಮಾಡಿದ್ದೆ ಅಂತ ಗೊತ್ತೇ ಇರಲಿಲ್ಲ. ಪಾಪ, ನೀವ್ಯಾರೂ ಬಾಯಿಬಿಟ್ಟು ಹೇಳಲಿಲ್ಲ.”

ನಮ್ಮವರು ಹಿಂದಿನಿಂದ ನನ್ನ ಸೆರಗು ಜಗ್ಗಿದರು. ಸುಮ್ಮನಿದ್ದರೆ ಬಚಾವು ಎಂದು ಅರ್ಥ. ಸುಮ್ಮನಿರಬಹುದಿತ್ತು. ಆದರೆ ಎದುರಿಗೆ ಕಲಶ, ಪಕ್ಕದಲ್ಲಿ ಬಾಡಿದ ಮುಖದ ಮಾವ. ಹರಳೆಣ್ಣೆಯಿಂದ ಊದಿನಕಡ್ಡಿಯವರೆಗೆ ಎಲ್ಲವನ್ನೂ ಒಪ್ಪಿಸಿದೆ. ಮಿಕ್ಕ ನಾಲ್ಕು ಚೂರನ್ನೂ ತಟ್ಟೆಯಲ್ಲಿಟ್ಟು ತಂದೆ.

ಮಾವ ಚೂರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಮುಖ ಅರಳಿತು. “ಸದ್ಯ, ನನ್ನ ಕೈಕೆಲಸ ಕೆಟ್ಟಿರಲಿಲ್ಲ. ಹಬ್ಬ ಕಳೀಲಿ, ಬಿಚ್ಚಿ ಮತ್ತೆ ಕೂಡಿಸ್ತೀನಿ.”

“ನಾನೂ ಸಹಾಯಕ್ಕೆ ಬರ್ತೀನಿ ಮಾವ.”

“ಖಂಡಿತಾ ಬಾಮ್ಮ. ಪಕ್ಕದಲ್ಲಿ ಕೂತು ದೇವರನಾಮ ಹೇಳು” ಎಂದರು. “ಎರಡು ಕೈನೂ ಮುಗಿದುಕೊಂಡೇ ಇರು.”

ಹಬ್ಬ ಕಳೆದು ವಾರವಾಯಿತು. ಕೈ ಮುಗಿದೇ ಕೂತಿದ್ದೇನೆ. ಹಡಗು ದಿನದಿನಕ್ಕೆ ಸುಧಾರಿಸುತ್ತಿದೆ.