ವಿಮಾನಕ್ಕೆ ಕಾಫಿ ಗ್ರೇಡಿಂಗ್

ಎಲ್ಲವನ್ನೂ ಅಚ್ಚುಕಟ್ಟಾಗಿ ಎತ್ತಿಟ್ಟ ಮೇಲೇ ಏನೂ ಸಿಗದ ಹಾಗೆ ಆಗಿದ್ದು ನಿಮಗೂ ಉಂಟಾ? ನನಗಾಗಿದೆ. ಅದೂ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ, ಬೀಜವನ್ನು ಗಾತ್ರ ನೋಡಿ ವಿಂಗಡಿಸಿ ಲೆಕ್ಕ ಬರೆಯುವ ಗ್ರೇಡಿಂಗ್ ರೈಟರ್ ಆಗಿ, ಅಚ್ಚುಕಟ್ಟುತನಕ್ಕೇ ಸಂಬಳ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ.

ತೊಂಬತ್ತರ ದಶಕದ ಕೊನೆ. ಬೆಂಗಳೂರಿಗೆ ಹೋದವನು ಪ್ಲಾಸ್ಟಿಕ್ ಯುದ್ಧವಿಮಾನದ ಕಿಟ್ ತಂದೆ. ಡಬ್ಬಿ ಮೇಲಿನ ಚಿತ್ರ ನೋಡಿಯೇ ಮರುಳಾಗಿದ್ದೆ. ಒಳಗೆ ನೂರಕ್ಕೂ ಹೆಚ್ಚು ಭಾಗಗಳು, ರೆಂಬೆಗೆ ಕಚ್ಚಿಕೊಂಡ ಕಾಫಿ ಹಣ್ಣಿನ ಹಾಗೆ ಬೂದು ಚೌಕಟ್ಟುಗಳಿಗೆ ಅಂಟಿಕೊಂಡಿದ್ದವು. ಊಟದ ಮೇಜಿನ ತುಂಬ ಹರಡಿದೆ. ಹೆಂಡತಿ ಸುಮಿತ್ರ ಬಂದು ನೋಡಿದಳು.

"ಭಾನುವಾರ ಬಣಕಲ್ಲಿಂದ ಅಣ್ಣ ಊಟಕ್ಕೆ ಬರ್ತಾನೆ. ಅಷ್ಟರಲ್ಲಿ ಇದು ವಿಮಾನ ಆಗಿರ್ಬೇಕು. ಇಲ್ಲಾಂದ್ರೆ ಅಷ್ಟೂ ಬಳ್ದು ಅಟ್ಟಕ್ಕೆ ಹಾಕ್ತೀನಿ ನೋಡಿ."

ಇದ್ದದ್ದು ನಾಲ್ಕು ದಿನ. ನಮ್ಮ ಮನೆಯಲ್ಲಿ ಅಟ್ಟ ಹತ್ತಿದ್ದು ಇಳಿದ ದಾಖಲೆಯಿಲ್ಲ. ನನ್ನ ಹಾರ್ಮೋನಿಯಂ ಈಗಲೂ ಅಲ್ಲೇ ಇದೆ. ಕ್ರಮವಾಗಿ ಕೆಲಸ ಮಾಡಬೇಕು ಅಂದುಕೊಂಡೆ. ನನಗೆ ಗೊತ್ತಿದ್ದ ಕ್ರಮ ಒಂದೇ. ನೇಲ್ ಕಟರ್ ಹಿಡಿದು, ಹಣ್ಣು ಕೊಯ್ದ ಹಾಗೆ ಅಷ್ಟೂ ಭಾಗಗಳನ್ನು ಬಿಡಿಸಿದೆ. ಕಾಫಿ ಸ್ಯಾಂಪಲ್ಲಿನ ಹಳೆಯ ಜರಡಿಗಳಿಗೆ ಹಾಕಿ ಅಲ್ಲಾಡಿಸಿದೆ. ದೊಡ್ಡವು ಎ, ನಡುವಿನವು ಬಿ, ಸಣ್ಣವು ಸಿ, ದುಂಡಗಿದ್ದವೆಲ್ಲ, ಕಾಫಿಯ ದುಂಡನೆ ಒಂಟಿ ಬೀಜಕ್ಕೆ ಹೇಳುವ ಹಾಗೆ, ಪೀಬೆರಿ. ನಾಲ್ಕು ತಟ್ಟೆ, ನಾಲ್ಕು ಚೀಟಿ. ಖಾಲಿ ಚೌಕಟ್ಟುಗಳನ್ನು ಬೀದಿಯ ಕಸದ ತೊಟ್ಟಿಗೆ ಹಾಕಿ ಬಂದೆ. ಅಂಥ ಗ್ರೇಡಿಂಗನ್ನು ನಾನು ಕಾಫಿಗೂ ಮಾಡಿದವನಲ್ಲ.

ಮಾರನೆಯ ದಿನ ಸೂಚನೆಯ ಹಾಳೆ ಬಿಡಿಸಿದೆ. ಹದಿನೇಳನ್ನು ನಲವತ್ತೆರಡಕ್ಕೆ ಅಂಟಿಸಬೇಕಂತೆ. ಹದಿನೇಳು ಯಾವುದು? ನಂಬರುಗಳೆಲ್ಲ ಚೌಕಟ್ಟಿನ ಮೇಲಿದ್ದವು. ಬೀದಿಗೆ ಓಡಿದೆ. ತೊಟ್ಟಿ ಖಾಲಿ.

ಸುಮಿತ್ರ ನಕ್ಕಿದ್ದು ಪಕ್ಕದ ಮನೆಗೂ ಕೇಳಿಸಿತು. "ಕಾಫಿ ಬೀಜಕ್ಕೆ ಎಡ ಬಲ ಇಲ್ಲ ಮಾರಾಯ್ರೆ. ರೆಕ್ಕೆಗೆ ಇರುತ್ತಲ್ಲ?" ಅಂದವಳು ಎರಡು ತುಂಡು ಎತ್ತಿಕೊಂಡು ತಿರುಗಿಸಿ ಮುರುಗಿಸಿ ಒತ್ತಿದಳು. ಟಕ್ಕೆಂದು ಕೂತವು. "ಇದು ಬಾಲ," ಎಂದು ಕುರ್ಚಿ ಎಳೆದುಕೊಂಡಳು. ಆ ರಾತ್ರಿ ನಮಗೆ ಬರೀ ಮೊಸರನ್ನ.

ಭಾನುವಾರ ಭಾವ ಬಂದಾಗ ವಿಮಾನಕ್ಕೆ ಇನ್ನೂ ಒಂದೇ ರೆಕ್ಕೆ. ನನ್ನ ಕಣ್ಣು ಅಟ್ಟದ ಏಣಿಯ ಮೇಲಿತ್ತು. ಭಾವ ಮೇಜಿಗೆ ಕೈಯೂರಲು ಹೋದರು.

"ಅಣ್ಣ, ಮುಟ್ಬೇಡ, ಅಂಟು ಒಣಗ್ಲಿಲ್ಲ," ಅಂದಳು ಸುಮಿತ್ರ. "ನೆಲದ ಮೇಲೇ ಎಲೆ ಹಾಕ್ತೀನಿ, ಕೂತ್ಕೊ."

ಕಿಟ್ ಉಳಿಯಿತು. ಅದನ್ನು ಮುಟ್ಟುವ ಅಧಿಕಾರ ಮಾತ್ರ ನನ್ನ ಕೈತಪ್ಪಿತು. ಆಮೇಲೆ ಬಂದ ಆರು ಕಿಟ್‌ಗಳಲ್ಲಿ ನನ್ನ ಹುದ್ದೆ ಅಂಟಿನ ಟ್ಯೂಬಿನ ಮುಚ್ಚಳ ಹಿಡಿದು ನಿಲ್ಲುವುದು. ಅದನ್ನೂ ಎರಡು ಸಲ ಕಳೆದಿದ್ದೇನೆ. ನಿಮ್ಮ ಅಚ್ಚುಕಟ್ಟುತನ ನಿಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿತು, ಕೆಳಗೆ ಬರೆಯಿರಿ. ನಾನೊಬ್ಬನೇ ಅಲ್ಲ ಅಂತ ಇವಳಿಗೆ ಓದಿ ಹೇಳಬೇಕಾಗಿದೆ.